ಎದುರು ದಡದ ಗೂಡುಗಳು

ವಡೋದರಾದ ಮೊಸಳೆಗಳು ನನ್ನ ಕಂಪ್ಯೂಟರಿನಲ್ಲಿ ಮೊದಲು ಕಾಣಿಸಿಕೊಂಡಿದ್ದು ನಾರ್ವೆ ದೇಶಕ್ಕೂ ಮೇಲಿನ ಸಮುದ್ರದಲ್ಲಿ. ಅಕ್ಷಾಂಶ ಕೇಳಿದ ಕಡೆ ರೇಖಾಂಶ ಕೊಟ್ಟಿದ್ದೆ, ರೇಖಾಂಶ ಕೇಳಿದ ಕಡೆ ಅಕ್ಷಾಂಶ. ತಂತ್ರಾಂಶ ಒಂದು ಮಾತೂ ಆಡದೆ ವಿಶ್ವಾಮಿತ್ರಿ ನದಿಯ ಗೂಡುಗಳನ್ನೆಲ್ಲ ಹಿಮದ ನೀರಿಗೆ ಇಳಿಸಿತು. ಹಿಂದೆ ನಿಂತು ನೋಡುತ್ತಿದ್ದ ಮೇಷ್ಟ್ರು, "ಪಾಪ, ಥಂಡಿ ಹತ್ತೇತಿ ನೋಡ್ರಿ ಅವಕ್ಕ. ಲಗೂನ ಮನಿಗೆ ಕರ್ಕೊಂಡು ಬರ್ರಿ" ಅಂದರು.

ಮೇಷ್ಟ್ರು ಧಾರವಾಡದ ಕಡೆಯವರು. ಅಹಮದಾಬಾದಿನ ಒಂದು ಕೇಂದ್ರ ಸಂಶೋಧನಾ ಸಂಸ್ಥೆಯಲ್ಲಿ ಉಪಗ್ರಹ ಚಿತ್ರಗಳನ್ನು ಓದುತ್ತಲೇ ನಿವೃತ್ತರಾದವರು. ಈಗ ಅದೇ ಊರಿನ ನವರಂಗಪುರದ ಒಂದು ಔಷಧಿ ಅಂಗಡಿಯ ಮಹಡಿಯಲ್ಲಿ ವನ್ಯಜೀವಿ ನಕ್ಷೆಗಳ ಕೋರ್ಸು ನಡೆಸುತ್ತಿದ್ದರು. ನಾನು ಸೇರಿದ್ದು ನರೋಡಾದ ಬಣ್ಣದ ಕಾರ್ಖಾನೆಯವರು ನಮ್ಮ ಲ್ಯಾಬ್ ಮುಚ್ಚಿದ ಮೇಲೆ. ಗಿರಾಕಿ ಕಳಿಸಿದ ಬಟ್ಟೆಯ ಚೂರಿಗೂ ನಾವು ಕೂಡಿಸಿದ ಬಣ್ಣಕ್ಕೂ ವ್ಯತ್ಯಾಸ ಕಾಣದಂತೆ ಮಾಡುವುದು ಅಲ್ಲಿ ನನ್ನ ಕೆಲಸವಾಗಿತ್ತು. ಕೋರ್ಸಿನ ಉಳಿದವರೆಲ್ಲ ಜೀವಶಾಸ್ತ್ರ ಓದಿದವರು. ನನಗೆ ಪ್ರಾಣಿಗಳ ಬಗ್ಗೆ ಏನೂ ಗೊತ್ತಿರಲಿಲ್ಲ. ಆದರೆ ಸೊಟ್ಟ ಕೆಲಸ ಕಂಡರೆ ನನಗೆ ಊಟ ಸೇರುವುದಿಲ್ಲ, ನಕ್ಷೆಯ ಕೆಲಸಕ್ಕೆ ಅಷ್ಟು ಸಾಕು ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ.

ಕೋರ್ಸು ಮುಗಿಯುತ್ತ ಬಂದಾಗ ಮೇಷ್ಟ್ರು ಒಂದು ಕೆಲಸ ಕೊಡಿಸಿದರು. ವಿಶ್ವಾಮಿತ್ರಿ ವಡೋದರಾದ ನಟ್ಟನಡುವೆ ಹರಿಯುತ್ತದೆ, ಅದರಲ್ಲಿ ಮೊಸಳೆಗಳಿವೆ. ಹೊಳೆ ಉಕ್ಕಿದರೆ ಬಡಾವಣೆಗಳಿಗೂ ಬರುತ್ತವೆ. ಅವನ್ನು ಹಿಡಿದು ಮತ್ತೆ ನೀರಿಗೆ ಬಿಡುವ ಸ್ವಯಂಸೇವಕರ ತಂಡಗಳು ಅಲ್ಲಿವೆ. ಆ ವರ್ಷ ಮಳೆಗಾಲ ಬರುವುದರೊಳಗೆ ನದಿಯ ಹೂಳು ತೆಗೆದು ದಡ ಅಗಲ ಮಾಡುವ ಕಾಮಗಾರಿ ನಡೆಯುವುದಿತ್ತು. ಅದೇ ತಿಂಗಳುಗಳಲ್ಲಿ ಹೆಣ್ಣು ಮೊಸಳೆ ದಡದ ಮಣ್ಣಿನಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟು ಮುಚ್ಚಿರುತ್ತದೆ. ಮೊದಲ ಮಳೆಯ ಹೊತ್ತಿಗೆ ಮರಿಗಳು ಹೊರಬರುತ್ತವೆ. ಕಾಮಗಾರಿಯ ಇಂಜಿನಿಯರ್ ಒಂದು ತಂಡದ ನಾಯಕನಿಗೆ ಮಾತು ಕೊಟ್ಟಿದ್ದರು: ಗೂಡು ಇರುವ ಕಡೆ ನಕ್ಷೆಯಲ್ಲಿ ಗುರುತು ಹಾಕಿ ಕೊಡಿ, ಅಲ್ಲಿ ಈ ವರ್ಷ ಯಂತ್ರ ಇಳಿಸುವುದಿಲ್ಲ. ಗುರುತು ಇಲ್ಲದ ಕಡೆ ಅಗೆಯುತ್ತೇವೆ. ಆ ನಕ್ಷೆ ಮಾಡುವುದು ನನ್ನ ಪಾಲಿಗೆ ಬಂತು. ತಪ್ಪಿದರೆ ಯಂತ್ರದ ಬಕೆಟ್ಟಿಗೆ ಮಣ್ಣಿನ ಜೊತೆ ಮೊಟ್ಟೆಗಳೂ ಬರುತ್ತವೆ.

ತಂಡದ ಸದಸ್ಯರು ಗೂಡು ಕಂಡಾಗಲೆಲ್ಲ ಫೋನಿನಲ್ಲಿ ಜಾಗದ ಗುರುತು ಒತ್ತಿ ಗುಂಪಿಗೆ ಕಳಿಸುತ್ತಿದ್ದರು. ಆ ಗುರುತುಗಳನ್ನೆಲ್ಲ ನಾಯಕ ನನಗೆ ರವಾನಿಸಿದ. ನಾರ್ವೆಯಿಂದ ಅವು ವಾಪಸಾದ ಮೇಲೆ ಮುಂದಿನ ಹೆಜ್ಜೆ, ಪ್ರತಿ ಗೂಡಿನ ಸುತ್ತ ಯಂತ್ರ ಬರಬಾರದ ಒಂದು ವೃತ್ತ ಎಳೆಯುವುದು. ಇದಕ್ಕೆ ಬಫರ್ ಅನ್ನುತ್ತಾರೆ. ನಾನು ಮೂವತ್ತು ಮೀಟರ್ ಎಂದುಕೊಂಡು ಮೂವತ್ತು ಎಂದು ಹೊಡೆದೆ. ಆದರೆ ಗುರುತುಗಳು ಕೂತಿದ್ದ ನಕ್ಷೆಯ ಪದರ ಇನ್ನೂ ಡಿಗ್ರಿಯ ಲೆಕ್ಕದಲ್ಲಿತ್ತು, ಒಂದು ಡಿಗ್ರಿ ಎಂದರೆ ನೂರು ಕಿಲೋಮೀಟರಿಗೂ ಹೆಚ್ಚು. ಒಂದು ಮೊಸಳೆಗೆ ಅರ್ಧ ಏಷ್ಯಾ ಮೀಸಲಾಯಿತು. ಪದರವನ್ನು ಮೊದಲು ಮೀಟರಿನ ಲೆಕ್ಕಕ್ಕೆ ಬದಲಿಸಿಕೊಳ್ಳಬೇಕು, ಆಮೇಲೆ ವೃತ್ತ. ಇಂಥ ತಪ್ಪುಗಳು ತಮ್ಮನ್ನು ತಾವೇ ತೋರಿಸಿಕೊಡುತ್ತವೆ. ಪರದೆಯ ಮೇಲೆ ಅರ್ಧ ಏಷ್ಯಾ ಕೆಂಪಾದರೆ ಯಾರಿಗಾದರೂ ಗೊತ್ತಾಗುತ್ತದೆ.

ಗೊತ್ತಾಗದ ತಪ್ಪು ಆಮೇಲೆ ಬಂತು. ಗುರುತುಗಳನ್ನು ಉಪಗ್ರಹ ಚಿತ್ರದ ಮೇಲೆ ಹರಡಿ ನೋಡಿದರೆ ಅವು ಎಲ್ಲೆಲ್ಲೋ ಬಿದ್ದಿದ್ದವು. ಒಂದು ಹೌಸಿಂಗ್ ಸೊಸೈಟಿಯ ಪಾರ್ಕಿಂಗಿನಲ್ಲಿ, ಇನ್ನೊಂದು ದೇವಸ್ಥಾನದ ಹಿಂಗೋಡೆಯ ಮೇಲೆ, ಮತ್ತೆ ಕೆಲವು ಸೇತುವೆಯ ನಡುಮಧ್ಯೆ. ಸೇತುವೆಯ ಮೇಲೆ ಮೊಸಳೆ ಗೂಡು ಕಟ್ಟುವುದಿಲ್ಲ ಎಂಬಷ್ಟು ಪ್ರಾಣಿಶಾಸ್ತ್ರ ನನಗೂ ಗೊತ್ತಿತ್ತು. ಫೋನು ಜಾಗ ಹೇಳುವಾಗ ಹತ್ತಾರು ಮೀಟರ್ ಆಚೆ ಈಚೆ ಆಗುತ್ತದೆ ಎಂದು ಕೋರ್ಸಿನಲ್ಲಿ ಕಲಿತಿದ್ದೆ. ಇದೇ ಅದು ಎಂದುಕೊಂಡೆ. ಬಿಂದುವನ್ನು ಹತ್ತಿರದ ಗೆರೆಗೆ ಎಳೆದು ಕೂರಿಸುವ ಸೌಲಭ್ಯವೊಂದು ತಂತ್ರಾಂಶದಲ್ಲಿದೆ. ನದಿಯ ಎರಡೂ ದಡಗಳನ್ನು ಗೆರೆಯಾಗಿ ಬಿಡಿಸಿ ಬಟನ್ ಒತ್ತಿದೆ. ಗೂಡುಗಳೆಲ್ಲ ಎದ್ದು ಹೋಗಿ ದಡದ ಮೇಲೆ ಸಾಲಾಗಿ ಕೂತವು. ಹೆಚ್ಚು ಕಡಿಮೆ ಎಲ್ಲವೂ ಪೂರ್ವದ ದಡದಲ್ಲಿ. ಪಶ್ಚಿಮದ ದಡ ಬಹುತೇಕ ಖಾಲಿ.

ಬಹಳ ಚಂದ ಬಂದಿತ್ತು ನಕ್ಷೆ. ನೀರಿಗೆ ಮಾಸಲು ನೀಲಿ, ಊರಿಗೆ ಕಣ್ಣಿಗೆ ಹೊಡೆಯದ ಬೂದು, ಗೂಡಿನ ವೃತ್ತಗಳಿಗೆ ದೂರದಿಂದಲೂ ಕಾಣುವ ಇಟ್ಟಿಗೆ ಕೆಂಪು. ಆ ಕೆಂಪು ಕೂಡಿಸಲು ಒಂದು ಮಧ್ಯಾಹ್ನ ಕಳೆದಿದ್ದೆ. ಮೇಷ್ಟ್ರು ಕನ್ನಡಕ ಮೇಲೆತ್ತಿ ನೋಡಿದರು.

"ಛಲೋ ಆಗೇತ್ರಿ. ಮೊಸಳಿ ಎಲ್ಲಾ ಒಂದ ದಂಡಿಗೆ ಯಾಕ ಕುಂತಾವ?"

"ಆ ಕಡೆ ಮಣ್ಣು ಚೆನ್ನಾಗಿರಬೇಕು ಸಾರ್."

"ಇರಬಹುದು. ಒಮ್ಮಿ ಹೋಗಿ ನೋಡಿ ಬರ್ರಿ."

ಹೋಗುವ ಮೊದಲೇ ನಕ್ಷೆಯನ್ನು ನಾಯಕನಿಗೆ ಕಳಿಸಿದೆ, ನಾಯಕ ಇಂಜಿನಿಯರಿಗೆ ಕಳಿಸಿದ. ಅವರಿಂದ ಅಂದೇ ಮೆಚ್ಚುಗೆ ಬಂತು. ಪಶ್ಚಿಮ ದಡಕ್ಕೆ ಯಂತ್ರ ಇಳಿಸಲು ಅಡ್ಡಿಯಿಲ್ಲವೆಂದು ಸ್ಪಷ್ಟವಾಗಿದೆ, ಒಂದು ಸಭೆ ಕರೆಯುತ್ತೇನೆ, ಅಲ್ಲಿ ಸಹಿ ಮಾಡಿಬಿಡೋಣ ಎಂದು ಬರೆದಿದ್ದರು. ನಾನು ಅದನ್ನು ಸೂರತ್ತಿನಲ್ಲಿ ಕೆಲಸ ಮಾಡುವ ಗಂಡನಿಗೆ ಫೋನಿನಲ್ಲಿ ಓದಿ ಹೇಳಿದೆ. ಆತ ವಾರಕ್ಕೊಮ್ಮೆ ಅಹಮದಾಬಾದಿನ ವಸ್ತ್ರಾಪುರದ ನಮ್ಮ ಮನೆಗೆ ಬರುವ ಮನುಷ್ಯ. ನನ್ನ ಕೆಲಸದ ವಿವರ ಅವನಿಗೆ ಅಷ್ಟಕ್ಕಷ್ಟೇ. "ಮೊಸಳೆಗೆ ಮನೆ ನಂಬರ್ ಕೊಡೋ ಕೆಲಸ ಸಿಕ್ತು ಅನ್ನು" ಅಂದ.

ಸಭೆಯ ಹಿಂದಿನ ದಿನ ವಡೋದರಾಕ್ಕೆ ಹೋದೆ. ನದಿ ನೋಡುವುದಕ್ಕಿಂತ ಹೆಚ್ಚಾಗಿ ವರದಿಯ ಮುಖಪುಟಕ್ಕೆ ಒಂದು ಫೋಟೋ ಬೇಕಿತ್ತು. ನಾಯಕ ಸ್ಟೇಷನ್ನಿನಿಂದ ಸ್ಕೂಟರಿನಲ್ಲಿ ಕರೆದುಕೊಂಡು ಹೋದ. ಹೊಟ್ಟೆ ಬಂದ, ಗಟ್ಟಿ ದನಿಯ ಮನುಷ್ಯ. ಫರ್ನಿಚರ್ ಅಂಗಡಿ ಇಟ್ಟಿದ್ದಾನೆ. ಮೊಸಳೆಯ ಫೋನು ಬಂದರೆ ಗಿರಾಕಿಯನ್ನು ಸೋಫಾದ ಮೇಲೆ ಕೂರಿಸಿ ಹೊರಟುಬಿಡುತ್ತಾನೆ. ನಮ್ಮ ಮಾತು ನನ್ನ ಹರಕು ಗುಜರಾತಿ ಮತ್ತು ಅವನ ಹಿಂದಿಯಲ್ಲಿ ನಡೆಯುತ್ತಿತ್ತು; ಅವನಿಗೆ ನಾನು ಬೆನ್, ಅಂದರೆ ಅಕ್ಕ, ನನಗೆ ಅವನು ಭಾಯ್. ಒಂದು ಸೊಸೈಟಿಯ ಹಿಂದೆ ಸ್ಕೂಟರ್ ನಿಲ್ಲಿಸಿ ಕಾಂಪೌಂಡಿನ ಪಕ್ಕ ನಿಂತು ನದಿಯ ಆಚೆ ಕೈ ತೋರಿಸಿದ. ಎದುರು ದಡದಲ್ಲಿ ನಾವು ಬಳ್ಳಾರಿ ಜಾಲಿ ಅನ್ನುವ, ಅವರು ಹುಚ್ಚು ಜಾಲಿ ಅನ್ನುವ ಮುಳ್ಳುಗಿಡದ ಬುಡದಲ್ಲಿ ದೊಡ್ಡದೊಂದು ಮೊಸಳೆ ಮಣ್ಣಿಗೆ ಗದ್ದ ಊರಿ ಮಲಗಿತ್ತು.

"ಅದರ ಗದ್ದದ ಕೆಳಗೇ ಮೊಟ್ಟೆ, ಬೆನ್. ಅಲ್ಲಾಡೋದಿಲ್ಲ ನೋಡಿ ಅವಳು."

ನಾನು ಫೋಟೋ ತೆಗೆದೆ. ಆಮೇಲೆ ಫೋನಿನಲ್ಲಿ ನನ್ನ ನಕ್ಷೆ ತೆರೆದೆ. ನಾವು ನಿಂತ ಜಾಗದ ಕೆಳಗೆ, ನಮ್ಮ ದಡದಲ್ಲಿ, ಇಟ್ಟಿಗೆ ಕೆಂಪಿನ ವೃತ್ತವಿತ್ತು. ಎದುರು ದಡದಲ್ಲಿ ಏನೂ ಇರಲಿಲ್ಲ.

"ಭಾಯ್, ಈ ಗೂಡಿನ ಗುರುತು ಒತ್ತಿದ್ದು ಎಲ್ಲಿ ನಿಂತು?"

"ಇಲ್ಲೇ. ಇದೇ ಜಾಗ."

"ಗೂಡು ಅಲ್ಲಿದೆಯಲ್ಲ?"

"ಮತ್ತೇನು ಬೆನ್, ಹೋಗಿ ಅವಳ ತೊಡೆ ಮೇಲೆ ಕೂತು ಒತ್ತಬೇಕಿತ್ತಾ?" ಎಂದು ಜೋರಾಗಿ ನಕ್ಕ. "ಗೂಡಿನ ಹತ್ತಿರ ಹೋಗೋದು ನಮ್ಮಲ್ಲಿ ಇಲ್ಲವೇ ಇಲ್ಲ. ಎದುರು ದಡದಿಂದ ನೋಡಬೇಕು. ಹೊಸಬರಿಗೆ ಮೊದಲು ಹೇಳಿಕೊಡೋದೇ ಅದು."

ನಿಯಮ ಒಳ್ಳೆಯದೇ. ಎಲ್ಲರೂ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದರು. ಓಡಾಡಲು ರಸ್ತೆ ಇರುವುದು ಹೆಚ್ಚಾಗಿ ಪೂರ್ವದ ಕಡೆ, ಆದ್ದರಿಂದ ಪೂರ್ವದಲ್ಲಿ ನಿಂತು ಪಶ್ಚಿಮದ ಗೂಡುಗಳನ್ನು ನೋಡಿದ್ದರು. ಫೋನು ನಿಂತವರ ಕಾಲಡಿಯ ಜಾಗವನ್ನು ಬರೆದುಕೊಂಡಿತ್ತು. ಪಾರ್ಕಿಂಗು, ದೇವಸ್ಥಾನದ ಗೋಡೆ, ಸೇತುವೆಯ ನಡುಮಧ್ಯೆ, ಎಲ್ಲವೂ ಸರಿಯಾಗಿಯೇ ಇತ್ತು. ಅವು ಗೂಡಿನ ಜಾಗಗಳಲ್ಲ, ನೋಡುವವರ ಜಾಗಗಳು. ನಾನು ಅವನ್ನು ಎಳೆದು ದಡದ ಮೇಲೆ ಸಾಲಾಗಿ ಕೂರಿಸಿ, ಅನುಮಾನ ಬರಲು ಇದ್ದ ಒಂದೇ ಕಾರಣವನ್ನೂ ಅಳಿಸಿಬಿಟ್ಟಿದ್ದೆ. ಇಂಜಿನಿಯರು ಯಂತ್ರ ಇಳಿಸಲು ಹೊರಟಿದ್ದು ಸರಿಯಾಗಿ ಗೂಡುಗಳ ಮೇಲೆ.

ಇದನ್ನು ನಾಯಕನಿಗೆ ವಿವರಿಸಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಕೂಡಲೇ ಅವನ ನಗು ನಿಂತಿತು. ಆದರೆ ಉಪಾಯವೂ ಕೂಡಲೇ ಹೊಳೆಯಿತು.

"ಹಾಗಾದರೆ ಎಲ್ಲವನ್ನೂ ಆ ಕಡೆ ತಳ್ಳಿಬಿಡಿ. ನಿಮ್ಮ ಕಂಪ್ಯೂಟರಿನಲ್ಲಿ ಆಗುತ್ತದಲ್ಲ? ನಾಳೆ ಹೊಸ ಕಾಗದ ತನ್ನಿ, ಹಳೆಯದರಲ್ಲಿ ಪ್ರಿಂಟ್ ತಪ್ಪಿತ್ತು ಅನ್ನಿ."

ಆಗುತ್ತಿತ್ತು. ಪೂರ್ವದ ಗೆರೆಯ ಬದಲು ಪಶ್ಚಿಮದ ಗೆರೆಗೆ ಅಂಟಿಸಿದರೆ ಮುಗಿಯಿತು, ಅದಕ್ಕೆ ಸಂಜೆಯ ರೈಲಿನಲ್ಲಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡರೆ ಸಾಕಿತ್ತು.

"ಎಲ್ಲ ಗೂಡೂ ಆ ಕಡೆಯೇ ಇವೆಯಾ?"

"ಎಲ್ಲ ಅಲ್ಲ. ಸೇತುವೆಯಿಂದ ನೋಡಿದವು ಎರಡೂ ಕಡೆ ಇವೆ. ಕೆಲವು ಹುಡುಗರು ಆ ದಡದಿಂದಲೂ ನೋಡಿದ್ದಾರೆ. ಯಾವುದು ಎಲ್ಲಿ ಅಂತ ಈಗ ಯಾರಿಗೆ ನೆನಪಿದೆ?" ಆಮೇಲೆ ದನಿ ತಗ್ಗಿಸಿದ. "ಬೆನ್, ನಾಳೆ ತಪ್ಪಾಗಿದೆ ಅಂದರೆ ಸಾಹೇಬರು ಇಡೀ ನಕ್ಷೆ ಕಸದ ಬುಟ್ಟಿಗೆ ಹಾಕುತ್ತಾರೆ. ಯಂತ್ರ ಬಂದು ನಿಂತಿವೆ. ಒಂದೂ ಉಳಿಯೋದಿಲ್ಲ."

ಅವನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅಹಮದಾಬಾದಿಗೆ ವಾಪಸಾಗುವ ಗಾಡಿಯಲ್ಲಿ ದಿನಾ ಓಡಾಡುವ ಪಾಸಿನವರು ಇಸ್ಪೀಟು ಆಡುತ್ತ ನನಗೂ ಒಂದು ಥೇಪ್ಲಾ, ಅವರ ಮೆಂತ್ಯದ ರೊಟ್ಟಿ, ಕೊಟ್ಟರು. ತಿನ್ನುತ್ತ ಮೂಲ ಕಡತ ತೆರೆದೆ. ಮೂಲವನ್ನು ಮುಟ್ಟದೆ ಪ್ರತಿಯ ಮೇಲೆ ಕೆಲಸ ಮಾಡುವುದು ಮೇಷ್ಟ್ರ ಕಟ್ಟಪ್ಪಣೆ, ಆದ್ದರಿಂದ ಗುರುತುಗಳು ಬಂದ ಹಾಗೇ ಉಳಿದಿದ್ದವು. ಅವನ್ನು ಪಶ್ಚಿಮಕ್ಕೆ ಕೂರಿಸಿಯೂ ನೋಡಿದೆ. ಈ ನಕ್ಷೆಯೂ ಚಂದ ಬಂತು. ಮೊದಲನೆಯದಕ್ಕಿಂತ ಹೆಚ್ಚು ಗೂಡುಗಳನ್ನು ಉಳಿಸುತ್ತಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಪೂರ್ವದಲ್ಲಿ ನಿಜವಾಗಿ ಇದ್ದವು ಹೋಗುತ್ತಿದ್ದವು, ಮತ್ತು ಯಾವುವು ಹೋದವು ಎಂದು ಯಾರಿಗೂ ಎಂದಿಗೂ ತಿಳಿಯುತ್ತಿರಲಿಲ್ಲ. ಆಣಂದ್ ಸ್ಟೇಷನ್ ದಾಟುವ ಹೊತ್ತಿಗೆ ಮೇಷ್ಟ್ರಿಗೆ ಫೋನು ಮಾಡಿದೆ. ಎಲ್ಲ ಕೇಳಿಸಿಕೊಂಡರು.

"ನೋಡ್ರಿ, ನನ್ನ ಕೇಳಿದ್ರ ನಾ ಏನ ಹೇಳ್ತೀನಿ ಅಂತ ನಿಮಗ ಗೊತ್ತೈತಿ. ಅದಕ್ಕ ಕೇಳ್ಬ್ಯಾಡ್ರಿ. ನಾಳೆ ಅವರ ಮುಂದ ಕೂಡೋರು ನೀವು."

ಸಿಟ್ಟು ಬಂತು. ಯಾರಾದರೂ ಹೀಗೆ ಮಾಡು ಎಂದು ಹೇಳಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಆ ಹೊತ್ತಿಗೆ ನನಗೆ ಮೊಸಳೆಗಿಂತ ಹೆಚ್ಚಾಗಿ ನನ್ನ ಮರ್ಯಾದೆಯ ಚಿಂತೆ ಇತ್ತು ಎಂಬುದೂ ನಿಜ. ಲ್ಯಾಪ್‌ಟಾಪ್ ಮುಚ್ಚಿದೆ. ಎರಡನೆಯ ನಕ್ಷೆಯನ್ನು ಉಳಿಸಿಕೊಳ್ಳಲಿಲ್ಲ.

ಸಭೆ ಇಂಜಿನಿಯರರ ಕೋಣೆಯಲ್ಲಿ. ಅವರು ನನ್ನ ನಕ್ಷೆಯನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಮೇಜಿನ ಮೇಲೆ ಹಾಸಿದ್ದರು, ಸುರುಳಿಯಾಗದಂತೆ ಒಂದೊಂದು ಮೂಲೆಗೆ ಒಂದೊಂದು ಚಹಾದ ಗ್ಲಾಸು. ತೆಳ್ಳಗಿನ, ಕಡಿಮೆ ಮಾತಿನ ಮನುಷ್ಯ. ನಾನು ಕೂರುವ ಮೊದಲೇ ಹೇಳಿಬಿಟ್ಟೆ: ಈ ನಕ್ಷೆ ತಪ್ಪಾಗಿದೆ, ಇದರ ಮೇಲೆ ಸಹಿ ಮಾಡಬೇಡಿ. ಏಕೆ ತಪ್ಪು ಎಂದೂ ಹೇಳಿದೆ. ನಾಯಕ ಕಿಟಕಿಯ ಕಡೆ ನೋಡುತ್ತ ಕೂತಿದ್ದ.

ಇಂಜಿನಿಯರ್ ನಕ್ಷೆಯನ್ನೇ ನೋಡುತ್ತಿದ್ದರು. "ಸರಿಯಾದದ್ದು ಎಲ್ಲಿದೆ?"

"ಇಲ್ಲ."

"ಇಲ್ಲ ಎಂದರೆ?"

"ಯಾವ ಗೂಡು ಯಾವ ದಡದಲ್ಲಿದೆ ಎಂದು ನನಗೆ ಗೊತ್ತಿಲ್ಲ. ಗೊತ್ತು ಮಾಡಿಕೊಳ್ಳಲು ಸ್ವಲ್ಪ ಸಮಯ ಬೇಕು."

"ಮಳೆ ನಿಮ್ಮನ್ನು ಕೇಳಿಕೊಂಡು ಬರುತ್ತದಾ?" ಅವರು ದನಿ ಏರಿಸಲಿಲ್ಲ. "ಹೋದ ವರ್ಷ ನೀರು ನುಗ್ಗಿದಾಗ ಜನ ಮಂಚದ ಮೇಲೆ ಮಂಚ ಇಟ್ಟು ಕೂತಿದ್ದರು. ಅವರಿಗೆ ನಾನು ಈ ವರ್ಷ ಹೀಗಾಗೋದಿಲ್ಲ ಅಂತ ಹೇಳಿದ್ದೇನೆ."

ಆಮೇಲೆ ಅವರೇ ಮೇಜಿನ ಸುತ್ತ ಬಂದು ನದಿಯ ಕೆಳಭಾಗದ ಮೇಲೆ ಬೆರಳಿಟ್ಟರು. ಊರ ಹೊರಗಿನ ಆ ಭಾಗದಲ್ಲಿ ಎರಡೂ ಕಡೆ ಗುರುತುಗಳಿರಲಿಲ್ಲ. ಅಲ್ಲಿಂದ ಕೆಲಸ ಶುರುಮಾಡುತ್ತೇನೆ, ಯಂತ್ರ ಊರೊಳಗೆ ತಲುಪುವ ಮುಂಚೆ ನಿಮ್ಮ ನಕ್ಷೆ ನನ್ನ ಮುಂದಿರಬೇಕು, ಇರದಿದ್ದರೆ ನಾನು ಕಾಯುವುದಿಲ್ಲ ಎಂದರು. ಹೊರಗೆ ಬಂದ ಮೇಲೆ ನಾಯಕ ಸ್ಕೂಟರಿನ ಕೀಲಿ ತೆಗೆಯುತ್ತ, "ಏನು ಮಾಡಬೇಕು ಹೇಳಿ" ಅಂದ.

ಗೂಡಿನ ಹತ್ತಿರ ಹೋಗುವಂತಿಲ್ಲ, ಹೋಗದೆ ಅದರ ಜಾಗ ಹಿಡಿಯಬೇಕು. ಎರಡು ಬೇರೆ ಬೇರೆ ಜಾಗಗಳಲ್ಲಿ ನಿಂತು ಗೂಡು ಯಾವ ದಿಕ್ಕಿಗಿದೆ ಎಂದು ನೋಡಿ, ಆ ದಿಕ್ಕಿಗೆ ನಕ್ಷೆಯ ಮೇಲೆ ಗೆರೆ ಎಳೆದರೆ, ಎರಡು ಗೆರೆ ಕೂಡುವ ಕಡೆ ಗೂಡು ಇರುತ್ತದೆ. ಇದು ಬಹಳ ಹಳೆಯ ವಿದ್ಯೆ, ನನಗೆ ಹೊಸದು. ದಿಕ್ಕಿಗೆ ಫೋನಿನ ದಿಕ್ಸೂಚಿ ಬಳಸಿದೆವು. ಮೊದಲ ದಿನದ ಗೆರೆಗಳನ್ನು ಹಾಕಿ ನೋಡಿದರೆ ಒಂದು ಗೂಡು ಶಾಲೆಯ ಮೈದಾನದಲ್ಲಿ ಬಂದು ಕೂತಿತು. ಸೇತುವೆಯ ಮೇಲೆ ನಿಂತು ತೆಗೆದ ದಿಕ್ಕುಗಳೆಲ್ಲ ಹಾಳಾಗಿದ್ದವು. ಕಬ್ಬಿಣದ ಕಟಾಂಜನಕ್ಕೆ ಒರಗಿ ನಿಂತರೆ ದಿಕ್ಸೂಚಿಯ ಮುಳ್ಳು ಕಟಾಂಜನದ ಕಡೆಗೇ ವಾಲುತ್ತದೆ ಎಂಬುದು ನಮ್ಮ ತಲೆಗೆ ಬಂದಿರಲಿಲ್ಲ.

ದಿಕ್ಸೂಚಿ ಬಿಟ್ಟೆವು. ಗೂಡಿನ ನೇರ ಹಿಂದೆ ಏನು ಕಾಣುತ್ತದೆ ಎಂದು ಬರೆದುಕೊಳ್ಳುವುದು, ಅಷ್ಟೇ: ನೀರಿನ ಟ್ಯಾಂಕು, ಮೊಬೈಲ್ ಟವರು, ಹಳದಿ ಕಟ್ಟಡದ ಎಡ ಮೂಲೆ. ನಿಲ್ಲುವ ಜಾಗವೂ ಉಪಗ್ರಹ ಚಿತ್ರದಲ್ಲಿ ಕಾಣುವಂಥದ್ದೇ ಆಗಬೇಕು, ಗೇಟಿನ ಕಂಬ ಅಥವಾ ಕಾಂಪೌಂಡಿನ ತಿರುವು. ಕಂಬದಿಂದ ಟ್ಯಾಂಕಿಗೆ ಗೆರೆ ಎಳೆದರೆ ಗೂಡು ಆ ಗೆರೆಯ ಮೇಲೆ ಎಲ್ಲೋ ಇರಲೇಬೇಕು. ಇನ್ನೊಂದು ಕಡೆಯಿಂದ ಇನ್ನೊಂದು ಗೆರೆ. ಗೆರೆಗಳು ಈಗ ಮರ್ಯಾದೆಯಿಂದ ದಡದ ಮೇಲೆಯೇ ಕೂಡತೊಡಗಿದವು. ತಂಡದವರಿಗೂ ಹುರುಪು ಬಂತು. ನಾಯಕ ಅಂಗಡಿಯಲ್ಲಿ ಕೂತ ಗಿರಾಕಿಗೂ ಟ್ಯಾಂಕಿನ ವಿಷಯ ವಿವರಿಸುತ್ತಿದ್ದನಂತೆ.

ಒಂದು ಭಾನುವಾರ ಕೆಲಸಕ್ಕೆ ಜನ ಸಾಲಲಿಲ್ಲ. ಸೂರತ್ತಿನಿಂದ ಮನೆಗೆ ಹೊರಟಿದ್ದ ಗಂಡನಿಗೆ ನಡುವೆ ವಡೋದರಾದಲ್ಲೇ ಇಳಿಯಲು ಹೇಳಿದೆ. ಬಂದ. ದೇವಸ್ಥಾನದ ಹಿಂಗೋಡೆಯ ಬಳಿ ಅವನನ್ನು ನಿಲ್ಲಿಸಿ ನಾನು ಸೇತುವೆಯ ತುದಿಗೆ ಹೋಗಿ ಫೋನು ಮಾಡಿದೆ.

"ಮೊಸಳೆ ಕಾಣ್ತಿದೆಯಾ?"

"ಕಾಣ್ತಿದೆ. ಅದಕ್ಕೂ ನಾನು ಕಾಣ್ತಿದೀನಿ ಅನ್ಸುತ್ತೆ."

"ಅದರ ಹಿಂದೆ ಏನಿದೆ ಹೇಳು."

"ಗಿಡ."

"ಗಿಡ ಎಲ್ಲಾ ಕಡೆನೂ ಇದೆ. ಕಟ್ಟಡ ಹೇಳು."

"ಒಂದು ಮನೆ. ಮಹಡಿ ಮೇಲೆ ಸೀರೆ ಒಣ ಹಾಕಿದಾರೆ. ಹಸಿರು."

"ಸೀರೆ ಸಂಜೆಗೆ ತೆಗೀತಾರೆ ಕಣೋ. ತೆಗೆಯದೇ ಇರೋದು ಹೇಳು."

"ಡಿಶ್ ಇದೆ. ಛತ್ರಿ ತರಾ ಇರುತ್ತಲ್ಲ, ಅದು." ಆಮೇಲೆ, "ನೀನು ದಿನಾ ಇದನ್ನೇ ಮಾಡ್ತೀಯಾ? ಚೆನ್ನಾಗಿದೆ" ಅಂದ. ಹತ್ತಾರು ವರ್ಷಗಳಲ್ಲಿ ನನ್ನ ಕೆಲಸವನ್ನು ಅವನು ಹೊಗಳಿದ್ದು ಕೇಳಿರಲಿಲ್ಲ. ಬಿಸಿಲಿಗೆ ತಲೆ ತಿರುಗಿರಬೇಕು ಎಂದುಕೊಂಡೆ, ಆದರೂ ಖುಷಿಯಾಯಿತು.

ಯಂತ್ರಗಳು ಊರಿನ ಹತ್ತಿರ ಬರುವಷ್ಟರಲ್ಲಿ ಒಂದನ್ನು ಬಿಟ್ಟು ಉಳಿದ ಗೂಡುಗಳೆಲ್ಲ ಸಿಕ್ಕವು. ಬಹುಪಾಲು ಪಶ್ಚಿಮದಲ್ಲಿ, ಕೆಲವು ಪೂರ್ವದಲ್ಲಿ. ಸಿಗದ ಒಂದು ಇದ್ದದ್ದು ನದಿ ಹೊರಳುವ ತಿರುವಿನಲ್ಲಿ. ಅಲ್ಲಿ ಜಾಲಿ ಎಷ್ಟು ದಟ್ಟವೆಂದರೆ ಮೊಸಳೆ ಕಾಣುವುದು ಒಂದೇ ಕಡೆಯಿಂದ, ಒಂದು ಸೊಸೈಟಿಯ ಗೋಡೆ ಕುಸಿದು ಆದ ಕಿಂಡಿಯಿಂದ. ಅದೂ ಬೆನ್ನಿನ ಒಂದು ಭಾಗ ಮಾತ್ರ. ಒಂದು ಕಿಂಡಿ ಎಂದರೆ ಒಂದು ಗೆರೆ. ಆ ಗೆರೆ ದಡವನ್ನು ಅಡ್ಡ ಕತ್ತರಿಸಿದ್ದರೆ ಪರವಾಗಿರಲಿಲ್ಲ. ತಿರುವಾದ್ದರಿಂದ ದಡದ ಉದ್ದಕ್ಕೂ ಸವರಿಕೊಂಡು ಹೋಗುತ್ತಿತ್ತು. ಗೂಡು ಅದರ ಮೇಲೆ ಎಲ್ಲಿ ಬೇಕಾದರೂ ಇರಬಹುದು.

ಇಂಜಿನಿಯರರ ಮೇಜಿನ ಮೇಲೆ ಹೊಸ ನಕ್ಷೆ ಹಾಸಿದೆವು. ಉಳಿದ ಕಡೆ ಸಣ್ಣ ಸಣ್ಣ ವೃತ್ತಗಳು, ತಿರುವಿನಲ್ಲಿ ಮಾತ್ರ ಉದ್ದಕ್ಕೂ ಓರೆ ಗೆರೆಗಳ ಪಟ್ಟಿ. ನನ್ನ ಕಣ್ಣಿಗೇ ಅದು ಬಟ್ಟೆಗೆ ಹಾಕಿದ ತೇಪೆಯ ಹಾಗೆ ಕಾಣುತ್ತಿತ್ತು.

"ಇದೇನು?"

"ಇದರೊಳಗೆ ಎಲ್ಲೋ ಒಂದು ಗೂಡಿದೆ. ಎಲ್ಲಿ ಎಂದು ಗೊತ್ತಿಲ್ಲ."

"ಒಂದು ಗೂಡಿಗೆ ಇಷ್ಟು ದಡ?" ಅವರು ಪೆನ್ನು ತೆಗೆದು ತಿರುವಿನ ಹಿಂದಿನ ಮನೆಗಳ ಮೇಲೆ ಒಂದು ಸುತ್ತು ಹಾಕಿದರು. "ನೀರು ಮೊದಲು ನುಗ್ಗುವುದೇ ಇಲ್ಲಿ. ನದಿಯನ್ನು ಬೇರೆ ಎಲ್ಲಿ ಅಗಲ ಮಾಡದಿದ್ದರೂ ನಡೆಯುತ್ತದೆ, ಇಲ್ಲಿ ಮಾಡಲೇಬೇಕು."

ಎರಡೂ ಕಡೆಯವರು ಸಾಕಷ್ಟು ಮಾತಾಡಿದೆವು. ನಾಯಕ ಸಿಟ್ಟಾದ, ನಾನು ಅತ್ತುಬಿಡುತ್ತೇನೋ ಎಂದು ಹೆದರಿ ನಕ್ಷೆಯ ಮೂಲೆ ಸರಿಮಾಡತೊಡಗಿದೆ. ಕೊನೆಗೆ ಅವರು ಪಟ್ಟಿಯನ್ನು ಪೆನ್ನಿನಿಂದ ಎರಡು ಮಾಡಿದರು. ಕೆಳಗಿನ ಅರ್ಧ ನಿಮಗೆ, ಮೇಲಿನ ಅರ್ಧ ನನಗೆ ಎಂದು ಸಹಿ ಮಾಡಿದರು. ನಾನೂ ಮಾಡಿದೆ. ಗೆರೆ ಎಲ್ಲಿ ಹಾಕಬೇಕು ಎಂದು ಅವರಿಗೆ ಹೇಳಲು ನನ್ನ ಬಳಿ ಯಾವ ಆಧಾರವೂ ಇರಲಿಲ್ಲ. ಆ ದಿನ ಸರಿಯಾದ ಕೆಲಸ ಮಾಡಿದೆ ಎಂಬ ಸಮಾಧಾನದ ಜೊತೆಗೆ ಒಂದು ಗೂಡನ್ನು ನಾಣ್ಯ ಚಿಮ್ಮಿದ ಹಾಗೆ ಬಿಟ್ಟುಕೊಟ್ಟೆ ಎಂಬ ಸಂಕಟವೂ ಇತ್ತು. ಸಂಕಟವೇ ಹೆಚ್ಚು ದಿನ ಉಳಿಯಿತು.

ಮೊದಲ ದೊಡ್ಡ ಮಳೆ ಬಿದ್ದ ಮಾರನೆಯ ಬೆಳಿಗ್ಗೆ ನಾಯಕನ ಫೋನು ಬಂತು. ತಿರುವಿನ ಕಡೆ ಮರಿಗಳ ದನಿ ಕೇಳುತ್ತಿದೆ ಎಂದ. ಮೊಟ್ಟೆಯೊಳಗಿಂದಲೇ ಅವು ಕೂಗುತ್ತವೆ, ತಾಯಿ ಬಂದು ಮಣ್ಣು ಕೆದರಬೇಕು. ಸಿಕ್ಕ ಗಾಡಿ ಹತ್ತಿ ಹೋದೆ. ಗೋಡೆಯ ಕಿಂಡಿಯಲ್ಲಿ ನಾಯಕನ ಪಕ್ಕ ಇನ್ನೊಬ್ಬ ನಿಂತಿದ್ದ. ಯಂತ್ರ ನಡೆಸುವವನು ಎಂದು ನಾಯಕ ಪರಿಚಯಿಸಿದ. ಅವನ ಹಳದಿ ಯಂತ್ರ ಎದುರು ದಡದಲ್ಲಿ ಕೈ ಮಡಚಿಕೊಂಡು ನಿಂತಿತ್ತು. ಮಳೆ ಬಂದದ್ದರಿಂದ ಕಾಮಗಾರಿ ಅಷ್ಟಕ್ಕೇ ನಿಂತುಹೋಗಿತ್ತು.

ಅಲ್ಲಿ ಜಾಲಿ ಸವರಿದ್ದರಿಂದ ಈಗ ಎಲ್ಲ ಕಾಣುತ್ತಿತ್ತು. ಮೊಸಳೆ ಮುಂಗಾಲಿನಿಂದ ಒದ್ದೆ ಮಣ್ಣು ಕೆದರುತ್ತಿತ್ತು. ಆಮೇಲೆ ತಲೆಯನ್ನು ಗುಂಡಿಗೆ ಇಳಿಸಿ ಮೇಲೆತ್ತಿತು. ಹಲ್ಲುಗಳ ನಡುವೆ ಬಾಲವೊಂದು ಅಲ್ಲಾಡುತ್ತಿತ್ತು. ನಿಧಾನವಾಗಿ ನೀರಿಗೆ ಇಳಿದು ಬಾಯಿ ತೆರೆದು ಮರಿಯನ್ನು ಬಿಟ್ಟು, ಮತ್ತೆ ದಡ ಹತ್ತಿತು. ನಾನು ಅಳುತ್ತಿದ್ದೆ. ಅದನ್ನು ಮುಚ್ಚಿಡುವ ಪ್ರಯತ್ನ ಮಾಡಲಿಲ್ಲ.

ಕಣ್ಣೊರೆಸಿಕೊಂಡು ಫೋನಿನ ನಕ್ಷೆಯಲ್ಲಿ ಜಾಗ ಹುಡುಕಿದೆ. ಗೂಡು ಇದ್ದದ್ದು ಮೇಲಿನ ಅರ್ಧದಲ್ಲಿ, ನಾನು ಸಹಿ ಮಾಡಿ ಬಿಟ್ಟುಕೊಟ್ಟ ಕಡೆ. ಯಂತ್ರದ ಹಲ್ಲಿನ ಗುರುತು ಗುಂಡಿಗೆ ಸ್ವಲ್ಪ ದೂರದಲ್ಲಿ ನಿಂತಿತ್ತು.

"ಇಲ್ಲಿ ಯಾಕೆ ಅಗೆಯಲಿಲ್ಲ?" ಎಂದು ಯಂತ್ರದವನನ್ನು ಕೇಳಿದೆ.

"ಸಾಹೇಬರು ಇದನ್ನು ಎಲ್ಲಕ್ಕಿಂತ ಕೊನೆಗೆ ಇಡು ಅಂದಿದ್ದರು, ಬೆನ್. ಜಾಲಿ ಸವರು, ಬೇರೆ ಕಡೆಯೆಲ್ಲ ಮುಗಿಸು, ಆಮೇಲೆ ಇಲ್ಲಿಗೆ ಬಾ. ಅಷ್ಟರಲ್ಲಿ ಮಳೆ ಬಂದರೆ ಬಿಟ್ಟು ಹೊರಡು ಅಂದರು."

ಇಂಜಿನಿಯರಿಗೆ ಅಲ್ಲಿಂದಲೇ ಫೋನು ಮಾಡಿದೆ. ಮರಿಗಳು ಬಂದವು, ಮೇಲಿನ ಅರ್ಧದಲ್ಲಿ ಎಂದೆ. ಧನ್ಯವಾದ ಹೇಳಲು ಹೊರಟೆ, ಅವರು ಬಿಡಲಿಲ್ಲ.

"ಬಂದವಲ್ಲ, ಸರಿ. ನೀವು ತಿರುವಿನಲ್ಲೇ ಇದ್ದೀರಾ?"

"ಹೌದು."

"ಅಲ್ಲಿ ಅಗಲ ಮಾಡದೆ ಬಿಟ್ಟಿದ್ದೇವಲ್ಲ, ನೀರು ಎಲ್ಲಿಯವರೆಗೆ ಬಂದಿದೆ? ನಿಮ್ಮ ಬೆನ್ನ ಹಿಂದಿನ ಮನೆಗಳವರು ನನಗೆ ಬೆಳಗಿನಿಂದ ಫೋನು ಮಾಡುತ್ತಿದ್ದಾರೆ."

ತಿರುಗಿ ನೋಡಿದೆ. ಒಂದು ಮನೆಯ ಮುಂದೆ ಹೆಂಗಸೊಬ್ಬಳು ಅಕ್ಕಿಯ ಡಬ್ಬಿಗಳನ್ನು ಮಹಡಿಗೆ ಸಾಗಿಸುತ್ತಿದ್ದಳು. ಮಳೆ ಮತ್ತೆ ಜೋರಾಯಿತು. ನಾವು ಮೂವರೂ ಮೊಸಳೆಯನ್ನು ಬಿಟ್ಟು ನೀರು ಎಷ್ಟು ಏರಿದೆ ಎಂದು ನೋಡುತ್ತ ನಿಂತೆವು.